ಕುರಿ ಮೇದು ಉಳಿಸಿದ ಗುಡ್ಡ

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್ ಕೌಂಟಿಯ ಅತಿ ಎತ್ತರದ ಜಾಗ ಸಮುದ್ರ ಮಟ್ಟದಿಂದ ಕೇವಲ 261 ಮೀಟರ್ ಮೇಲಿದೆ. ಸಹ್ಯಾದ್ರಿ ಕಂಡವರು ಅದನ್ನು ಬೆಟ್ಟವೆಂದು ಒಪ್ಪುವುದು ಕಷ್ಟ. ಆದರೆ ಉತ್ತರಕ್ಕೆ ಚಪ್ಪಟೆಯಾದ ಬಯಲು, ದಕ್ಷಿಣಕ್ಕೆ ಏರಿಳಿಯುತ್ತ ಹೋಗುವ ಹಸಿರು ದಿಬ್ಬಗಳು. ಇವೆರಡರ ನಡುವೆ ಅದು ಒಮ್ಮೆಲೇ ಎದ್ದು ನಿಲ್ಲುವುದರಿಂದ ಇದ್ದುದಕ್ಕಿಂತ ಎತ್ತರವಾಗಿ ಕಾಣುತ್ತದೆ. ಕೆಳಗಿನ ಊರು ಅಫಿಂಗ್ಟನ್. ಗುಡ್ಡದ ಹೆಸರು ವೈಟ್ ಹಾರ್ಸ್ ಹಿಲ್. ಅದರ ನೆತ್ತಿಯ ಬಳಿ, ಇಳಿಜಾರಿನ ಹುಲ್ಲಿನಲ್ಲಿ, ಸುಮಾರು 110 ಮೀಟರ್ ಉದ್ದದ ಬಿಳಿಯ ಕುದುರೆಯೊಂದು ಓಡುತ್ತಿದೆ. ನಾಲ್ಕಾರು ಬೀಸುಗೆರೆಗಳಲ್ಲೇ ಮೈ, ಕಾಲು, ಕೊಕ್ಕಿನಂಥ ಮೂತಿ. ಅದು ಕುದುರೆಯೇ ಅಲ್ಲ, ನಾಯಿ ಎನ್ನುವವರೂ ಇದ್ದಾರೆ. ಅವರ ಜೊತೆ ವಾದಕ್ಕೆ ನಾನು ಇಳಿಯುವುದಿಲ್ಲ.

ಎಲ್ಲರೂ ಅಲ್ಲಿಗೆ ಹೋಗುವುದು ಕುದುರೆಯನ್ನು ನೋಡಲು. ನನ್ನ ಕಣ್ಣು ಮಾತ್ರ ಅದು ಓಡುತ್ತಿರುವ ಹುಲ್ಲಿನ ಮೇಲೇ ನಿಂತಿತು. ಇಂದು ನಾನು ಹೇಳಬೇಕಾದ ಮಾತೂ ಆ ಹುಲ್ಲಿನದೇ. ನೋಡಿದವರೆಲ್ಲ ಅದನ್ನು ಯಾರ ಕೈಯೂ ತಾಕದ ಪ್ರಕೃತಿ ಎಂದುಕೊಳ್ಳುತ್ತಾರೆ. ನಿಜ ಸಂಗತಿ ಅದಕ್ಕೆ ಪೂರ್ತಿ ತಿರುಗುಮುರುಗು.

ಮೊದಲು ನೆಲದ ವಿಚಾರ. ಆ ಗುಡ್ಡ ಒಳಗೂ ಹೊರಗೂ ಸೀಮೆಸುಣ್ಣ. ಕ್ರಿಟೇಷಿಯಸ್ ಯುಗದಲ್ಲಿ, ಅಂದರೆ ಡೈನೋಸಾರುಗಳು ಇನ್ನೂ ಓಡಾಡಿಕೊಂಡಿದ್ದ ಕಾಲದಲ್ಲಿ, ಅಲ್ಲಿ ಬೆಚ್ಚಗಿನ ಸಮುದ್ರವಿತ್ತು. ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವ ಪಾಚಿಯ ಕಣಗಳು ತಮ್ಮ ಮೈಮೇಲೆ ಸುಣ್ಣದ ಬಿಲ್ಲೆಗಳನ್ನು ಕಟ್ಟಿಕೊಂಡು ಬದುಕಿ, ಸತ್ತು, ತಳಕ್ಕೆ ಇಳಿದವು. ಲಕ್ಷಾಂತರ ವರ್ಷ ಹೀಗೆ ಇಳಿದು ಇಳಿದು ಗಟ್ಟಿಯಾದ ಪದರವೇ ಈ ಬಿಳಿಯ ಬಂಡೆ. ಮುಂದೆ ಆಲ್ಪ್ಸ್ ಪರ್ವತಗಳನ್ನು ಎಬ್ಬಿಸಿದ ಒತ್ತಡದ ಅಲೆ ಇಲ್ಲಿಯವರೆಗೂ ಬಂದು ಅದನ್ನು ಮೆಲ್ಲಗೆ ಮೇಲಕ್ಕೆತ್ತಿತು. ನಡುನಡುವೆ ಚಕಮಕಿ ಕಲ್ಲಿನ ಗಂಟುಗಳಿವೆ. ಮೇಲಿನ ಮಣ್ಣು ಎಷ್ಟು ತೆಳುವೆಂದರೆ ಮೊಲವೊಂದು ಬಿಲ ತೋಡಿದರೆ ಸಾಕು, ಹಸಿರಿನ ನಡುವೆ ಬಿಳಿಯ ರಾಶಿ ಬೀಳುತ್ತದೆ.

ಈ ಬಂಡೆ ನೀರನ್ನು ಹಿಡಿದಿಡುವುದಿಲ್ಲ, ಕುಡಿದುಬಿಡುತ್ತದೆ. ಆದ್ದರಿಂದ ಮಳೆಗೆ ಹೆಸರಾದ ಆ ದೇಶದಲ್ಲೂ ಗುಡ್ಡದ ಮೇಲೆ ಒಂದು ತೊರೆಯೂ ಇಲ್ಲ. ಒಳಗೆ ಜಿನುಗಿದ ನೀರು ಬುಡದಲ್ಲಿ ಜೇಡಿಮಣ್ಣಿನ ಪದರ ತಡೆದಲ್ಲಿ ಚಿಲುಮೆಯಾಗಿ ಹೊರಬರುತ್ತದೆ. ಚಿಲುಮೆ ಎಲ್ಲಿದೆಯೋ ಊರು ಅಲ್ಲಿ: ಆಶ್‌ಬರಿ, ವುಲ್‌ಸ್ಟೋನ್, ಕಿಂಗ್‌ಸ್ಟನ್ ಲೈಲ್ ಎಲ್ಲವೂ ಗುಡ್ಡದ ಸಾಲಿನ ಪಾದಕ್ಕೆ ಅಂಟಿಕೊಂಡು ಕೂತಿವೆ. ಹಳೆಯ ಕಾಲದಲ್ಲಿ ಊರುಗಳ ಎಲ್ಲೆ ಹಾಕಿದವರು ಜಾಣರು. ಒಂದೊಂದು ಊರಿಗೂ ಬಯಲಿನಿಂದ ನೆತ್ತಿಯವರೆಗೆ ಉದ್ದನೆಯ ಪಟ್ಟಿ. ಕೆಳಗಿನ ಜೇಡಿಮಣ್ಣಿನಲ್ಲಿ ಹಸುಗಳಿಗೆ ಹುಲ್ಲು, ನಡುವಿನ ಒಳ್ಳೆಯ ಮಣ್ಣಿನಲ್ಲಿ ಬೇಸಾಯ, ಮೇಲಿನ ಬಡ ನೆಲದಲ್ಲಿ ಕುರಿ. ಯಾರಿಗೂ ಮೋಸವಾಗದ ಹಂಚಿಕೆ.

ನೀರೇ ಇಲ್ಲದ ಗುಡ್ಡದಲ್ಲಿ, ಕುದುರೆಯ ಕೆಳಗೆ, ಆಳವಾದ ಕಣಿವೆಯೊಂದಿದೆ. ಹೆಸರು ಮೇಂಜರ್, ಅಂದರೆ ಗೋದಲಿ; ರಾತ್ರಿ ಕುದುರೆ ಇಳಿದು ಬಂದು ಇಲ್ಲಿ ಮೇಯುತ್ತದೆಂದು ಊರವರ ಕಥೆ. ನೀರು ಹರಿಯದ ಕಡೆ ಕಣಿವೆ ಕೊರೆದವರಾರು? ಹಿಮಯುಗದಲ್ಲಿ ನೆಲ ಆಳದವರೆಗೆ ಹೆಪ್ಪುಗಟ್ಟಿತ್ತು. ಬಂಡೆಯ ರಂಧ್ರಗಳಲ್ಲೆಲ್ಲ ಮಂಜುಗಡ್ಡೆ ತುಂಬಿದ್ದರಿಂದ ಬೇಸಿಗೆಯಲ್ಲಿ ಕರಗಿದ ನೀರು ಇಂಗಲಾಗದೆ ಮೇಲೆಯೇ ಹರಿದು, ಮೆತ್ತಗಾದ ಸುಣ್ಣವನ್ನು ಕೊಚ್ಚಿಕೊಂಡು ಹೋಯಿತು. ಕಣಿವೆಯ ಒಂದು ಪಕ್ಕದಲ್ಲಿ ಸೀರೆಯ ನೆರಿಗೆಯಂತೆ ಸಾಲಾಗಿ ಬಿದ್ದಿರುವ ಮಡಿಕೆಗಳೂ ಆ ಕಾಲದವೇ.

ಇನ್ನು ಹುಲ್ಲು. ನಿಂತು ನೋಡಿದರೆ ಅದು ಬರಿಯ ಹಸಿರು. ಜೂನ್ ತಿಂಗಳಲ್ಲಿ ಮಂಡಿಯೂರಿ ಅಂಗೈಯಗಲ ಜಾಗವನ್ನು ನೋಡಬೇಕು. ಉಗುರಿನಷ್ಟು ಎಲೆಯ ಕಾಡು ಥೈಮ್ ನೆಲಕ್ಕೆ ಅಂಟಿ ಹರಡಿರುತ್ತದೆ. ಪಕ್ಕದಲ್ಲಿ ಹಲ್ಲುಹಲ್ಲಾದ ದುಂಡು ಎಲೆಗಳ ಸಾಲಿನ ಸಲಾಡ್ ಬರ್ನೆಟ್; ಒಂದೆಲೆ ಕಿತ್ತು ಬೆರಳಲ್ಲಿ ಹೊಸಕಿದರೆ ಅಪ್ಪಟ ಸೌತೆಕಾಯಿಯ ವಾಸನೆ. ಹಳದಿ ಹೂವಿನ ಹಾರ್ಸ್‌ಶೂ ವೆಚ್ ಕಾಯಿ ಬಿಟ್ಟಾಗ ಒಂದೊಂದು ಬೀಜದ ಗಂಟೂ ಪುಟ್ಟ ಲಾಳದ ಆಕಾರದಲ್ಲಿರುತ್ತದೆ. ಒಳ್ಳೆಯ ಸುಣ್ಣದ ಹುಲ್ಲುಗಾವಲಿನ ಒಂದೇ ಚದರ ಮೀಟರಿನಲ್ಲಿ ನಲವತ್ತು ಬಗೆಯ ಗಿಡಗಳು ಸಿಗುವುದುಂಟು. ಈ ಲಾಳದ ಗಿಡವನ್ನೇ ನಂಬಿದ ಚಿಟ್ಟೆಯೂ ಉಂಟು, ಚಾಕ್‌ಹಿಲ್ ಬ್ಲೂ ಎಂದು. ಅದರ ಹುಳು ಬೇರೆ ಯಾವ ಸೊಪ್ಪನ್ನೂ ಮುಟ್ಟುವುದಿಲ್ಲವೆಂದೇ ಹೇಳಬೇಕು. ಹುಳುವಿನ ಮೈಯಿಂದ ಒಸರುವ ಸಿಹಿರಸದ ಆಸೆಗೆ ಇರುವೆಗಳು ಅದರ ಸುತ್ತ ಕಾವಲು ನಿಲ್ಲುತ್ತವೆ.

ಅಷ್ಟು ಬಡ ನೆಲದಲ್ಲಿ ಇಷ್ಟು ಬಗೆ ಹೇಗೆ? ನೆಲ ಬಡವಾಗಿರುವುದರಿಂದಲೇ. ಸಾರವಿರುವ ಮಣ್ಣಿನಲ್ಲಿ ಎತ್ತರಕ್ಕೆ ಬೆಳೆಯುವ ಎರಡು ಮೂರು ಜಾತಿಯ ಹುಲ್ಲು ಉಳಿದೆಲ್ಲವನ್ನೂ ನೆರಳಿಗೆ ತಳ್ಳಿ ಕೊಂದುಬಿಡುತ್ತವೆ. ಇಲ್ಲಿ ಯಾವುದಕ್ಕೂ ಆ ಕಸುವಿಲ್ಲ. ಮೇಲಾಗಿ, ತಲೆ ಎತ್ತಿದ್ದನ್ನು ಕುರಿ ಮೇದು ಸಮ ಮಾಡುತ್ತದೆ. ಮೇಯುವುದು ನಿಂತರೆ ಮೊದಲು ಹುಲ್ಲು ಜಡೆಗಟ್ಟುತ್ತದೆ, ಆಮೇಲೆ ಹಾಥಾರ್ನ್ ಮುಳ್ಳು ಬರುತ್ತದೆ, ಕೊನೆಗೆ ಕಾಡು ಕವಿಯುತ್ತದೆ. ಅಲ್ಲಿನ ನೆಲದ ಸಹಜ ಸ್ಥಿತಿ ಕಾಡೇ. ಸಾವಿರಾರು ವರ್ಷಗಳ ಹಿಂದೆ ಮನುಷ್ಯ ಕಡಿದ, ಆಮೇಲೆ ಕುರಿ ಅದನ್ನು ಮತ್ತೆ ಚಿಗುರಗೊಡಲಿಲ್ಲ.

ಕುರಿಯ ಕೆಲಸ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ನಮ್ಮ ಬಯಲುಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ರೈತರು ಹೊಲದಲ್ಲಿ ಕುರಿ ಮಂದೆ ತರುಬಿಸುತ್ತಾರಲ್ಲ, ರಾತ್ರಿಯೆಲ್ಲ ಬಿದ್ದ ಹಿಕ್ಕೆ ಗಂಜಲಕ್ಕೆ ಕುರಿಗಾಹಿಗೆ ಕಾಳೋ ದುಡ್ಡೋ ಕೊಟ್ಟು? ದಕ್ಷಿಣ ಇಂಗ್ಲೆಂಡಿನ ಸುಣ್ಣದ ಗುಡ್ಡಗಳಲ್ಲೂ ಶತಮಾನಗಳ ಕಾಲ ಇದೇ ಪದ್ಧತಿ ನಡೆದಿತ್ತು. ಹಗಲು ಗುಡ್ಡದ ಮೇಲೆ ಮೇವು, ಸಂಜೆ ಕೆಳಗಿನ ಉತ್ತ ಹೊಲದಲ್ಲಿ ತಡಿಕೆ ಕಟ್ಟಿ ಕೂಡಿ ಹಾಕುವುದು. ಅಲ್ಲಿ ಕುರಿಯನ್ನು ಉಣ್ಣೆಗೆ, ಮಾಂಸಕ್ಕೆ ಸಾಕಿದಷ್ಟೇ ಗೊಬ್ಬರಕ್ಕೂ ಸಾಕುತ್ತಿದ್ದರು. ಗುಡ್ಡದ ಸಾರ ದಿನವೂ ಸ್ವಲ್ಪ ಸ್ವಲ್ಪ ಕುರಿಯ ಹೊಟ್ಟೆಯಲ್ಲಿ ಕೆಳಗೆ ಇಳಿಯಿತು. ಹೊಲಕ್ಕೆ ಬೆಳೆ ಬಂತು, ಗುಡ್ಡಕ್ಕೆ ಹೂವು ಬಂತು. ಹೂವನ್ನು ಯಾರೂ ಬಯಸಿರಲಿಲ್ಲ ಎನ್ನುವುದು ಬೇರೆ ಮಾತು.

ಎರಡನೆಯ ಮಹಾಯುದ್ಧದ ಹೊತ್ತಿಗೆ ಈ ಲೆಕ್ಕ ತಪ್ಪಿತು. ಆಹಾರದ ಅಭಾವ, ಟ್ರ್ಯಾಕ್ಟರು, ಚೀಲದ ಗೊಬ್ಬರ, ಸರ್ಕಾರದ ಉತ್ತೇಜನ ಎಲ್ಲ ಸೇರಿ ಸುಣ್ಣದ ದಿಬ್ಬಗಳ ಬಹುಪಾಲನ್ನು ಉತ್ತು ಗೋಧಿ ಬಾರ್ಲಿಯ ಹೊಲ ಮಾಡಿದವು. 1953ರಲ್ಲಿ ಬ್ರಿಟನ್ನಿಗೆ ಕಾಲಿಟ್ಟ ಮಿಕ್ಸೊಮಟೋಸಿಸ್ ರೋಗ ಮೊಲಗಳನ್ನು ಗುಡಿಸಿ ಹಾಕಿತು. ಕುರಿಯೂ ಇಲ್ಲದೆ ಮೊಲವೂ ಇಲ್ಲದೆ ಉಳಿದ ಹುಲ್ಲು ಮುಳ್ಳುಕಂಟಿಯಾಯಿತು. ಅಫಿಂಗ್ಟನ್ನಿನ ಈ ಇಳಿಜಾರು ಬಚಾವಾದದ್ದು ಮುಖ್ಯವಾಗಿ ಕಡಿದಾಗಿದ್ದ ಕಾರಣಕ್ಕೆ. ಅಲ್ಲಿ ನೇಗಿಲು ಹೂಡಲು ಯಾರಿಗೂ ಧೈರ್ಯ ಬರುವಂತಿಲ್ಲ. ಈಗ ಗುಡ್ಡ ಪಾರಂಪರಿಕ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ವಶದಲ್ಲಿದೆ, ಕುರಿಗಳೂ ಮೇಯುತ್ತಿವೆ.

ಕುದುರೆಯ ಕಥೆಯೂ ಹುಲ್ಲಿನ ಕಥೆಯೇ. ಹುಲ್ಲಿನ ಹೊದಿಕೆ ತೆಗೆದರೆ ಬಿಳಿ ಕಾಣುತ್ತದೆ, ಗೆರೆ ಎಳೆದರು ಎಂದು ನಾವು ಭಾವಿಸುತ್ತೇವೆ. ಹಾಗಲ್ಲ. ಆಳವಾದ ಕಾಲುವೆ ತೋಡಿ, ಅದರೊಳಗೆ ಸೀಮೆಸುಣ್ಣದ ಹೆಂಟೆಗಳನ್ನು ತುಂಬಿ ಬಡಿದಿದ್ದಾರೆ. 1990ರ ದಶಕದಲ್ಲಿ ಪುರಾತತ್ತ್ವಜ್ಞರು ಅದರ ವಯಸ್ಸು ಕಂಡುಹಿಡಿದ ರೀತಿ ನನಗೆ ಬಹಳ ಹಿಡಿಸಿತು. ಮಣ್ಣಿನಲ್ಲಿ ಹೂತುಹೋದ ಖನಿಜದ ಕಣಗಳು ಸುತ್ತಲಿನ ಸಹಜ ವಿಕಿರಣದ ಶಕ್ತಿಯನ್ನು ಕೂಡಿಡುತ್ತ ಹೋಗುತ್ತವೆ; ಬಿಸಿಲು ಸೋಕಿದರೆ ಆ ಖಾತೆ ಸೊನ್ನೆಯಾಗುತ್ತದೆ. ಕತ್ತಲಲ್ಲಿ ಮಣ್ಣು ತೆಗೆದು, ಪ್ರಯೋಗಾಲಯದಲ್ಲಿ ಬೆಳಕು ಹಾಯಿಸಿ, ಆ ಕಣಗಳು ಕೊನೆಯ ಬಾರಿ ಸೂರ್ಯನನ್ನು ಕಂಡದ್ದು ಯಾವಾಗ ಎಂದು ಲೆಕ್ಕ ಹಾಕಿದರು. ಕ್ರಿಸ್ತಪೂರ್ವ 1380ರಿಂದ 550ರ ನಡುವೆ ಎಂದು ಬಂತು. ಅಲ್ಲಿಯವರೆಗೆ ಅದನ್ನು ಎಷ್ಟೋ ಶತಮಾನ ಈಚಿನ ಸ್ಯಾಕ್ಸನ್ ದೊರೆಯೊಬ್ಬನ ವಿಜಯದ ಗುರುತೆಂದು ನಂಬಿದ್ದವರೆಲ್ಲ ಸುಮ್ಮನಾದರು.

ಸುಮಾರು ಮೂರು ಸಾವಿರ ವರ್ಷ. ಇಷ್ಟು ಕಾಲದಲ್ಲಿ ಒಂದೆರಡು ತಲೆಮಾರಿನವರು ಕೈಬಿಟ್ಟಿದ್ದರೂ ಹುಲ್ಲು ಅದನ್ನು ನುಂಗಿಬಿಡುತ್ತಿತ್ತು. ಊರವರು ಕೆಲವು ವರ್ಷಗಳಿಗೊಮ್ಮೆ ಕಳೆ ಕೀಳಲು ಸೇರುತ್ತಿದ್ದರು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಅದು ಜಾತ್ರೆಯೇ ಆಗಿತ್ತು: ಕುಸ್ತಿ, ಓಟ, ಮೇಂಜರ್ ಕಣಿವೆಗೆ ಚೀಸಿನ ಗಾಲಿ ಉರುಳಿಸಿ ಅದರ ಹಿಂದೆ ಬಿದ್ದೆದ್ದು ಓಡುವುದು. ಯುದ್ಧಕಾಲದಲ್ಲಿ ಜರ್ಮನ್ ವಿಮಾನಗಳಿಗೆ ದಾರಿಗುರುತಾಗಬಾರದೆಂದು ಕುದುರೆಯನ್ನು ಹುಲ್ಲುಹೆಂಟೆ, ಸೊಪ್ಪುಸದೆ ಹಾಕಿ ಮುಚ್ಚಿದ್ದರು, ಆಮೇಲೆ ಬಿಡಿಸಿದರು. ಈಗ ಬೇಸಿಗೆಯಲ್ಲಿ ಸ್ವಯಂಸೇವಕರು ಬರುತ್ತಾರೆ. ಬಕೆಟ್ಟಿನಲ್ಲಿ ಹೊಸ ಸುಣ್ಣದ ಹೆಂಟೆ, ಕೈಯಲ್ಲೊಂದು ಸುತ್ತಿಗೆ, ಮಂಡಿಯ ಕೆಳಗೊಂದು ಮೆತ್ತೆ. ಹೆಂಟೆಯನ್ನು ಜಜ್ಜಿ ಜಜ್ಜಿ ಹಿಟ್ಟು ಮಾಡಿ ಗೆರೆಯ ಮೇಲೆ ಹರಡುವುದೇ ಕೆಲಸ. ಕುದುರೆಯ ಮೇಲೆ ಕೂತವರಿಗೆ ಕುದುರೆ ಕಾಣುವುದಿಲ್ಲ. ಎದುರಿಗೆ ಕಾಣುವುದು ಬಿಳಿಯ ಓಣಿಯೊಂದು ತಿರುಗಿ ಮರೆಯಾಗುವುದಷ್ಟೇ. ಇಷ್ಟೆಲ್ಲ ಮಾಡಿಯೂ ಹುಲ್ಲು ಅಂಚಿನಿಂದ ಒತ್ತುವರಿ ಮಾಡಿಕೊಂಡೇ ಬಂದಿತ್ತು. ಮೇಲಿನಿಂದ ತೆಗೆದ ಚಿತ್ರಗಳನ್ನು ಹೋಲಿಸಿದಾಗ ಕುತ್ತಿಗೆಯ ಭಾಗ ಸೊರಗಿರುವುದು ಗೊತ್ತಾಗಿ, ಈಚಿನ ವರ್ಷಗಳಲ್ಲಿ ಅಂಚು ಕತ್ತರಿಸಿ ಹಳೆಯ ಅಗಲಕ್ಕೆ ತಂದಿದ್ದಾರೆ.

ಪಕ್ಕದಲ್ಲಿ ಡ್ರ್ಯಾಗನ್ ಹಿಲ್ ಎಂಬ ಚಿಕ್ಕ ದಿಬ್ಬವಿದೆ. ಸಂತ ಜಾರ್ಜ್ ಅಲ್ಲಿ ಡ್ರ್ಯಾಗನ್ನನ್ನು ಕೊಂದನಂತೆ, ರಕ್ತ ಬಿದ್ದಲ್ಲಿ ಹುಲ್ಲು ಬೆಳೆಯುವುದಿಲ್ಲವಂತೆ. ಬಂದವರೆಲ್ಲ ಆ ಬೋಳು ಜಾಗವನ್ನೇ ತುಳಿದು ನಿಂತು ಫೋಟೊ ತೆಗೆಸಿಕೊಂಡರೆ ಹುಲ್ಲು ಬೆಳೆಯುವುದಾದರೂ ಹೇಗೆ? ನೆತ್ತಿಯ ಮೇಲೆ ಕಬ್ಬಿಣಯುಗದ ಕೋಟೆಯ ಮಣ್ಣಿನ ದಂಡೆ, ಅದರ ಬದಿಯಲ್ಲೇ ರಿಜ್‌ವೇ ಎಂಬ ಪುರಾತನ ಕಾಲ್ದಾರಿ. ಗಾಳಿಯ ವಿಷಯ ಹೇಳುವುದೇ ಬೇಡ. ಆ ಗಾಳಿಯಲ್ಲೂ ಸ್ಕೈಲಾರ್ಕ್ ಹಾಡುತ್ತದೆ. ನಮ್ಮ ನೆಲಗುಬ್ಬಿಗಳ ಬಳಗದ ಹಕ್ಕಿ; ನೆಲದಲ್ಲೇ ಗೂಡು ಮಾಡಿ, ನೆಟ್ಟಗೆ ಆಕಾಶಕ್ಕೇರಿ, ಚುಕ್ಕಿಯಾಗಿ ನಿಂತು ನಿಮಿಷಗಟ್ಟಲೆ ಉಸಿರು ಬಿಡದಂತೆ ಹಾಡುತ್ತದೆ. ಕುರಿ ಮೇದ ಗಿಡ್ಡ ಹುಲ್ಲು ಅದಕ್ಕೂ ಬೇಕು.

ಬ್ರಿಟನ್ನಿಗೆ ಹೋಗಿಬರುವ ಕೇಳುಗರಿಗೆ ಒಂದು ಸೂಚನೆ. ಗುಡ್ಡ ಹತ್ತಲು ಬಿಡುವಿಲ್ಲದವರು ಲಂಡನ್ನಿನ ಪ್ಯಾಡಿಂಗ್‌ಟನ್ ನಿಲ್ದಾಣದಿಂದ ಬ್ರಿಸ್ಟಲ್ ಕಡೆಯ ರೈಲು ಹಿಡಿಯುವುದಾದರೆ ಎಡಗಡೆಯ ಕಿಟಕಿ ಆರಿಸಿಕೊಳ್ಳಿ. ಡಿಡ್‌ಕಾಟ್ ದಾಟಿ ಸ್ವಿಂಡನ್ ಬರುವುದರೊಳಗೆ, ಮೋಡ ಇಳಿದಿರದಿದ್ದರೆ, ದೂರದ ಹಸಿರಿನ ಮೇಲೆ ಬಿಳಿಯ ಗೀರುಗಳು ಕಾಣುತ್ತವೆ. ಆಗ ಮೊಬೈಲ್ ನೋಡುತ್ತಿರಬೇಡಿ. ರೈಲಿನ ವೇಗ ಹೆಚ್ಚು. ನಮಸ್ಕಾರ.