ಟಿವಿಗೆ ಬೇಕಾದ ಹಂತಕ, ಟಿವಿಗೆ ಬೇಡವಾದ ಹಂತಕ

ಎಲ್ಲರಿಗೂ ನಮಸ್ಕಾರ.

‘ಮೈಂಡ್‌ಹಂಟರ್’ ಸರಣಿಯನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ನೋಡದವರಿಗಾಗಿ ಎರಡೇ ಮಾತು. ನೆಟ್‌ಫ್ಲಿಕ್ಸ್‌ನಲ್ಲಿ 2017ರಲ್ಲಿ ಮೊದಲ ಸೀಸನ್ ಬಂತು, 2019ರಲ್ಲಿ ಎರಡನೆಯದು. ಒಟ್ಟು 19 ಕಂತು, ಅಲ್ಲಿಗೆ ನಿಂತುಹೋಯಿತು. ಕಥೆ ಶುರುವಾಗುವುದು 1977ರ ಅಮೆರಿಕದಲ್ಲಿ. ಎಫ್‌ಬಿಐನ ಇಬ್ಬರು ಅಧಿಕಾರಿಗಳು, ಹೋಲ್ಡನ್ ಫೋರ್ಡ್ ಮತ್ತು ಬಿಲ್ ಟೆಂಚ್, ಜೈಲಿನಿಂದ ಜೈಲಿಗೆ ಅಲೆದು ಸಾಲು ಸಾಲಾಗಿ ಕೊಲೆ ಮಾಡಿದವರನ್ನು ಮಾತಾಡಿಸುತ್ತಾರೆ. ಯಾಕೆ ಮಾಡಿದೆ? ಅವಳನ್ನೇ ಯಾಕೆ ಆರಿಸಿಕೊಂಡೆ? ಆಮೇಲೆ ಏನನ್ನಿಸಿತು? ವೆಂಡಿ ಕಾರ್ ಅಂತ ಒಬ್ಬ ಮನಶ್ಶಾಸ್ತ್ರಜ್ಞೆ ಆ ಮಾತುಗಳನ್ನೆಲ್ಲ ಸಂಶೋಧನೆಯ ಚೌಕಟ್ಟಿಗೆ ತರುತ್ತಾರೆ. ಈ ಮೂವರ ಹಿಂದೆ ನಿಜವಾದ ಮೂವರಿದ್ದಾರೆ: ಜಾನ್ ಡಗ್ಲಸ್, ರಾಬರ್ಟ್ ರೆಸ್ಲರ್, ಆನ್ ಬರ್ಜೆಸ್. ತನಿಖೆ ಮಾಡಿದವರ ಹೆಸರು ಬದಲಾಗಿದೆ. ಜೈಲಿನಲ್ಲಿ ಸಿಗುವ ಕೊಲೆಗಾರರಿಗೆ ಮಾತ್ರ ಹೆಚ್ಚುಕಮ್ಮಿ ಅವರವರ ನಿಜ ಹೆಸರೇ ಇದೆ!

ಕ್ರೈಮ್ ಕಥೆ ಅಂದರೂ ಇದರಲ್ಲಿ ರಕ್ತ ಕಮ್ಮಿ. ಒಂದು ಮೇಜು, ಒಂದು ಟೇಪ್ ರೆಕಾರ್ಡರ್, ಸಿಗರೇಟಿನ ಹೊಗೆ, ಮಾತು, ಮತ್ತೆ ಮಾತು. ನನಗೆ ಈ ಸರಣಿ ಇಷ್ಟವಾಗಿದ್ದೂ ಅದಕ್ಕೇ. ನನ್ನ ತಕರಾರು ಇರುವುದೂ ಅದೇ ಜಾಗದಲ್ಲಿ. ಇಂಥದ್ದು ನೋಡಿ ಎದ್ದಾಗ ‘ಇವನಿಗೆ ತಲೆ ಸರಿ ಇಲ್ಲ’ ಅಂತ ಯಾರಿಗಾದರೂ ಅನ್ನಿಸುತ್ತದೆ. ಅದು ಸಹಜ. ಆದರೆ ಆ ಮಾತು ನಮಗೆ ಗೊತ್ತಿಲ್ಲದ ಹಾಗೆ ತಿರುಗಿಕೊಳ್ಳುತ್ತದೆ. ‘ತಲೆ ಸರಿ ಇಲ್ಲದವರು ಇಂಥದ್ದೆಲ್ಲ ಮಾಡುತ್ತಾರೆ’ ಅಂತ ಆಗಿಬಿಡುತ್ತದೆ. ಮಾತ್ರೆ ನುಂಗುತ್ತಾ, ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಹೋಗುತ್ತಾ, ಯಾರ ತಂಟೆಗೂ ಹೋಗದೆ ಬದುಕುವ ಲಕ್ಷಾಂತರ ಜನರ ಮೇಲೆ ಆ ಅನುಮಾನ ಬೀಳುತ್ತದೆ. ಅವರಿಗೆ ಬಾಡಿಗೆ ಮನೆ ಸಿಗುವುದು ಕಷ್ಟ, ಹೆಣ್ಣು ಗಂಡು ಸಿಗುವುದು ಇನ್ನೂ ಕಷ್ಟ.

ಈಗ ಸರಣಿಯ ಕೊಲೆಗಾರರಲ್ಲಿ ಒಬ್ಬನಾದ ಎಡ್ಮಂಡ್ ಕೆಂಪರ್ ಕಡೆ ಬರೋಣ. ಎರಡನೇ ಕಂತಿನಲ್ಲಿ ಕಾಣಿಸಿಕೊಳ್ಳುತ್ತಾನೆ. ಕ್ಯಾಮರನ್ ಬ್ರಿಟನ್ ಈ ಪಾತ್ರ ಮಾಡಿದ್ದಾರೆ. ಆರಡಿ ಒಂಬತ್ತು ಇಂಚಿನ ಆಳು, ಮೆಲ್ಲಗಿನ ದನಿ, ಒಳ್ಳೆಯ ನಡವಳಿಕೆ. ಬಂದ ಅಧಿಕಾರಿಗೆ ಮೊಟ್ಟೆ ಸ್ಯಾಂಡ್‌ವಿಚ್ ತಿನ್ನು ಅಂತ ಉಪಚಾರ ಮಾಡುತ್ತಾನೆ. ನಿಜದ ಕೆಂಪರ್ ಕೂಡ ಹೀಗೇ ಮಾತುಗಾರ. ವ್ಯಾಕವಿಲ್ ಜೈಲಿನಲ್ಲಿ ಕಣ್ಣು ಕಾಣದವರಿಗಾಗಿ ವರ್ಷಗಟ್ಟಲೆ ಪುಸ್ತಕ ಓದಿ ರೆಕಾರ್ಡ್ ಮಾಡಿಕೊಟ್ಟವನು.

1964ರಲ್ಲಿ, ಹದಿನೈದನೇ ವಯಸ್ಸಿಗೆ, ಅಜ್ಜಿಯನ್ನೂ ತಾತನನ್ನೂ ಗುಂಡಿಟ್ಟು ಕೊಂದ. ಕೋರ್ಟ್ ಕಳಿಸಿದ ಡಾಕ್ಟರುಗಳು ಸ್ಕಿಜೋಫ್ರೇನಿಯಾ, ಅಂದರೆ ಭ್ರಮೆ ಹುಟ್ಟಿಸುವ ಮಾನಸಿಕ ಕಾಯಿಲೆ ಅಂದರು. ಅಟಾಸ್ಕಡೆರೋ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಹಾಕಿದರು. ಅಲ್ಲಿನ ಡಾಕ್ಟರುಗಳು ಅದನ್ನು ಒಪ್ಪಲಿಲ್ಲ, ಇವನಿಗೆ ಭ್ರಮೆ ಗಿಮೆ ಏನೂ ಇಲ್ಲ ಅಂದರು. ಹುಡುಗ ಚುರುಕು, ಹೇಳಿದ್ದು ಕೇಳುತ್ತಾನೆ. ಬೇರೆ ರೋಗಿಗಳಿಗೆ ಮನಶ್ಶಾಸ್ತ್ರದ ಪರೀಕ್ಷೆ ಮಾಡುವ ಕೆಲಸಕ್ಕೆ ಇವನನ್ನೇ ಸಹಾಯಕ್ಕೆ ಹಾಕಿಕೊಂಡರು! ಯಾವ ಪ್ರಶ್ನೆಗೆ ಯಾವ ಉತ್ತರ ಕೊಟ್ಟರೆ ಡಾಕ್ಟರಿಗೆ ಖುಷಿ ಅಂತ ಕೆಂಪರ್ ಅಲ್ಲೇ ಕಲಿತ. 1969ರಲ್ಲಿ ಬಿಡುಗಡೆಯಾಯಿತು. 1972ರಲ್ಲಿ ಹಳೆಯ ದಾಖಲೆ ಮುಚ್ಚಿಹಾಕಿಸಿಕೊಳ್ಳಲು ಇಬ್ಬರು ಮನೋವೈದ್ಯರ ಮುಂದೆ ಹೋಗಿ ಕೂತ. ಇವನಿಂದ ಯಾರಿಗೂ ಅಪಾಯವಿಲ್ಲ ಅಂತ ಇಬ್ಬರೂ ಬರೆದುಕೊಟ್ಟರು. ಅಷ್ಟರಲ್ಲಿ ಅವನು ಮತ್ತೆ ಕೊಲ್ಲಲು ಶುರುಮಾಡಿ ಆಗಿತ್ತು. ಆರು ಜನ ವಿದ್ಯಾರ್ಥಿನಿಯರು, ಕೊನೆಗೆ 1973ರ ಏಪ್ರಿಲ್‌ನಲ್ಲಿ ಸ್ವಂತ ತಾಯಿ, ಆಕೆಯ ಗೆಳತಿ. ಆಮೇಲೆ ತಾನೇ ಪೊಲೀಸರಿಗೆ ಫೋನ್ ಮಾಡಿದ. ಅವರು ಮೊದಲು ತಮಾಷೆ ಅಂದುಕೊಂಡರು. ಯಾಕೆಂದರೆ ಕೆಂಪರ್ ಆ ಪೊಲೀಸರ ಜೊತೆ ಬಾರ್‌ನಲ್ಲಿ ಕೂತು ಬಿಯರ್ ಕುಡಿಯುತ್ತಿದ್ದ ದೋಸ್ತ್.

ಕೋರ್ಟಿನಲ್ಲಿ ‘ನನಗೆ ಹುಚ್ಚು’ ಅಂತ ವಾದಿಸಿದ. ಜ್ಯೂರಿ, ಅಂದರೆ ತೀರ್ಪು ಹೇಳಲು ಆರಿಸಿದ ಸಾಮಾನ್ಯ ಜನರ ತಂಡ, ಒಪ್ಪಲಿಲ್ಲ. ತಲೆ ಸರಿ ಇದೆ, ತಪ್ಪಿತಸ್ಥ ಅಂದಿತು.

1972-73ರ ಈ ಕೊಲೆಗಳು ನಡೆದದ್ದು ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ಎಂಬ ಸಮುದ್ರದ ದಡದ ಊರಿನ ಸುತ್ತಮುತ್ತ. ಅದೇ ಊರಿನಲ್ಲಿ, ಅದೇ ತಿಂಗಳುಗಳಲ್ಲಿ, ಇನ್ನೊಬ್ಬನೂ ಕೊಲ್ಲುತ್ತಿದ್ದ. ಹರ್ಬರ್ಟ್ ಮುಲ್ಲಿನ್. ಇಬ್ಬರಿಗೂ ಸಂಬಂಧವೇ ಇರಲಿಲ್ಲ. ಹೆಣಗಳು ಸಿಗುತ್ತಿದ್ದವು, ಯಾವುದು ಯಾರ ಕೆಲಸ ಅಂತ ಪೊಲೀಸರಿಗೆ ತಲೆಬುಡ ತಿಳಿಯುತ್ತಿರಲಿಲ್ಲ.

ಮುಲ್ಲಿನ್ ಹೈಸ್ಕೂಲಿನಲ್ಲಿ ಎಲ್ಲರಿಗೂ ಬೇಕಾದ ಹುಡುಗ. ‘ಮುಂದೆ ಬರುವವನು’ ಅಂತ ಸಹಪಾಠಿಗಳೇ ಓಟು ಹಾಕಿ ಆರಿಸಿದ್ದರು. ಇಪ್ಪತ್ತರ ಆಚೆ ಈಚೆ ಕಾಯಿಲೆ ಶುರುವಾಯಿತು. ಕಿವಿಯಲ್ಲಿ ದನಿಗಳು. ಹಲವು ಸಲ ಆಸ್ಪತ್ರೆ ಸೇರಿದ, ಹೊರಗೆ ಬಂದ. ಹುಟ್ಟಿದ್ದು ಏಪ್ರಿಲ್ 18. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ಮಲಗಿಸಿದ ಭೂಕಂಪದ ದಿನವೂ ಅದೇ. ಅದು ಕಾಕತಾಳೀಯ ಅಂತ ನನಗೆ ನಿಮಗೆ ಅನ್ನಿಸುತ್ತದೆ. ಅವನ ಕಾಯಿಲೆಗೆ ಹಾಗೆ ಅನ್ನಿಸಲಿಲ್ಲ. ಒಂದಿಷ್ಟು ಜನರನ್ನು ಬಲಿ ಕೊಟ್ಟರೆ ದೊಡ್ಡ ಭೂಕಂಪ ತಪ್ಪುತ್ತದೆ, ಆ ಹೊಣೆ ತನ್ನ ಮೇಲಿದೆ ಅಂತ ನಂಬಿದ. 1972ರ ಅಕ್ಟೋಬರ್‌ನಿಂದ 1973ರ ಫೆಬ್ರವರಿ ತನಕ 13 ಜನರನ್ನು ಕೊಂದ. ಗಂಡಸು, ಹೆಂಗಸು, ಮಕ್ಕಳು, ಒಬ್ಬ ಪಾದ್ರಿ. ಯಾವ ‘ಪ್ಯಾಟರ್ನ್’ ಕೂಡ ಇಲ್ಲ.

ಅವನನ್ನೂ ಜ್ಯೂರಿ ‘ತಲೆ ಸರಿ ಇದೆ’ ಅಂತಲೇ ತೀರ್ಮಾನಿಸಿತು. ಹೇಗೆ ಅಂತೀರಾ? ಆಗ ಕ್ಯಾಲಿಫೋರ್ನಿಯಾ ಕೋರ್ಟುಗಳು ಪಾಲಿಸುತ್ತಿದ್ದದ್ದು 1843ರ ಇಂಗ್ಲೆಂಡಿನ ಮೆಕ್‌ನಾಟನ್ ನಿಯಮ. ಶಿಕ್ಷೆ ತಪ್ಪಬೇಕಾದರೆ ಕಾಯಿಲೆ ಇದ್ದರೆ ಸಾಲದು. ತಾನು ಏನು ಮಾಡುತ್ತಿದ್ದೇನೆ ಅನ್ನುವುದೋ, ಅದು ತಪ್ಪು ಅನ್ನುವುದೋ ಗೊತ್ತಾಗದಷ್ಟು ಕಾಯಿಲೆ ಇರಬೇಕು. ನಮ್ಮ ಐಪಿಸಿಯ 84ನೇ ಸೆಕ್ಷನ್ ಕೂಡ ಇದೇ ನಿಯಮದ ಕೂಸು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್. ಅಂದರೆ ಡಾಕ್ಟರು ಕೇಳುವ ಪ್ರಶ್ನೆ ಬೇರೆ, ನ್ಯಾಯಾಧೀಶರು ಕೇಳುವ ಪ್ರಶ್ನೆ ಬೇರೆ. ಟಿವಿ ಧಾರಾವಾಹಿಗಳು ಎರಡನ್ನೂ ಒಂದೇ ಪಾತ್ರೆಗೆ ಸುರಿದು ಕಲಸಿಬಿಡುತ್ತವೆ.

ತೀರ್ಪು ಕೊಟ್ಟ ಮೇಲೆ ಆ ಜ್ಯೂರಿಯ ಮುಖ್ಯಸ್ಥ ಕ್ಯಾಲಿಫೋರ್ನಿಯಾದ ಗವರ್ನರ್‌ಗೆ ಬಹಿರಂಗ ಪತ್ರ ಬರೆದರು. ಆಗ ಗವರ್ನರ್ ಆಗಿದ್ದವರು ರೊನಾಲ್ಡ್ ರೇಗನ್. ನೀವು ಮಾನಸಿಕ ಆಸ್ಪತ್ರೆಗಳನ್ನು ಮುಚ್ಚುತ್ತಾ ಬಂದಿರಿ, ಈ ಸಾವುಗಳಿಗೆ ನೀವೂ ಹೊಣೆ ಅನ್ನುವುದು ಆ ಪತ್ರದ ಸಾರ. ಮುಲ್ಲಿನ್ ಒಮ್ಮೆ ದಾಖಲಾಗಿದ್ದ ಮೆಂಡೊಸಿನೊ ಆಸ್ಪತ್ರೆಯೇ 1972ರಲ್ಲಿ ಬಾಗಿಲು ಹಾಕಿತ್ತು.

ಈಗ ಒಂದು ಸಣ್ಣ ಪ್ರಸಂಗ. ನನ್ನ ಪಾಲಿಗೆ ಇಡೀ ವಿಷಯ ಇದರಲ್ಲೇ ಇದೆ. ವಿಚಾರಣೆ ನಡೆಯುವ ಹೊತ್ತಿಗೆ ಇಬ್ಬರನ್ನೂ ಒಂದೇ ಜೈಲಿನಲ್ಲಿ ಅಕ್ಕಪಕ್ಕದ ಕೋಣೆಗಳಲ್ಲಿ ಇಟ್ಟಿದ್ದರು. ಬೇರೆಯವರು ಟಿವಿ ನೋಡುವಾಗ ಮುಲ್ಲಿನ್ ಜೋರಾಗಿ ಹಾಡುತ್ತಿದ್ದ. ಕೆಂಪರ್ ಅವನ ಮೇಲೆ ನೀರು ಎರಚುತ್ತಿದ್ದ. ಸುಮ್ಮನಿದ್ದರೆ ಕಡಲೆಕಾಯಿ ಕೊಡುತ್ತಿದ್ದ. ಮುಲ್ಲಿನ್‌ಗೆ ಕಡಲೆಕಾಯಿ ಅಂದರೆ ಪ್ರಾಣ. ಸ್ವಲ್ಪ ದಿನಕ್ಕೆ ಹಾಡುವ ಮೊದಲು ಕೆಂಪರ್‌ನ ಅನುಮತಿ ಕೇಳಲು ಶುರುಮಾಡಿದ. ಇದನ್ನು ಕೆಂಪರ್ ಆಮೇಲೆ ಹೆಮ್ಮೆಯಿಂದ ಹೇಳಿಕೊಂಡ. ಇದಕ್ಕೆ ‘ಬಿಹೇವಿಯರ್ ಮಾಡಿಫಿಕೇಶನ್ ಟ್ರೀಟ್‌ಮೆಂಟ್’ (ನಡವಳಿಕೆ ತಿದ್ದುವ ಚಿಕಿತ್ಸೆ) ಅನ್ನುತ್ತಾರೆ ಅಂತ ವಿವರಣೆ ಬೇರೆ ಕೊಟ್ಟ. ಆಸ್ಪತ್ರೆಯಲ್ಲಿ ಕಲಿತ ವಿದ್ಯೆ ನೋಡಿ! ಹಿಂದಿನ ವರ್ಷ ಮನೋವೈದ್ಯರನ್ನೇ ಬೇಸ್ತು ಬೀಳಿಸಿದವನು, ಈಗ ನಿಜವಾದ ರೋಗಿಗೆ ತಾನೇ ಡಾಕ್ಟರ್.

‘ಮೈಂಡ್‌ಹಂಟರ್’ ಯಾರನ್ನು ಆರಿಸಿಕೊಂಡಿತು? ಕೆಂಪರ್‌ನನ್ನು. ಮುಲ್ಲಿನ್‌ನ ಸಂದರ್ಶನ ಎರಡು ಸೀಸನ್‌ಗಳಲ್ಲಿ ಎಲ್ಲೂ ಇಲ್ಲ. ತಪ್ಪು ಅಂತ ನಾನು ಹೇಳುವುದಿಲ್ಲ. ಕೆಂಪರ್ ವಾಕ್ಯ ವಾಕ್ಯವಾಗಿ ತನ್ನನ್ನೇ ವಿವರಿಸಿಕೊಳ್ಳುತ್ತಾನೆ, ಕ್ಯಾಮೆರಾಕ್ಕೆ ಅಂಥವನೇ ಬೇಕು. ತನ್ನ ಕಾಯಿಲೆಯೊಳಗೇ ಸಿಕ್ಕಿಕೊಂಡವನ ಮುಂದೆ ಟೇಪ್ ರೆಕಾರ್ಡರ್ ಇಟ್ಟರೆ ಸಿಗುವುದು ಭೂಕಂಪ, ಬಲಿ, ಹುಟ್ಟಿದ ತಾರೀಖು. ಅವನ ಕಥೆ ಹೇಳಬೇಕೆಂದರೆ ಆಸ್ಪತ್ರೆ, ಬಜೆಟ್, ಗವರ್ನರ್ ಆಫೀಸು ತೋರಿಸಬೇಕು. ಅದನ್ನು ರಾತ್ರಿ ಹನ್ನೊಂದಕ್ಕೆ ಯಾರು ನೋಡುತ್ತಾರೆ, ಅಲ್ವಾ?

ಸರಣಿಗೆ ಈ ವಿಷಯ ಹೊಳೆದೇ ಇಲ್ಲ ಅಂದರೆ ಅನ್ಯಾಯವಾದೀತು. ಎರಡನೇ ಸೀಸನ್ನಿನಲ್ಲಿ ಡೇವಿಡ್ ಬರ್ಕೊವಿಟ್ಜ್ ಬರುತ್ತಾನೆ. ‘ಸನ್ ಆಫ್ ಸ್ಯಾಮ್’ ಅನ್ನಿಸಿಕೊಂಡು 1976-77ರಲ್ಲಿ ನ್ಯೂಯಾರ್ಕ್ ನಗರವನ್ನು ನಡುಗಿಸಿದವನು. ಪಕ್ಕದ ಮನೆಯ ನಾಯಿಯೊಳಗಿನ ಭೂತ ಕೊಲ್ಲು ಅಂತ ಹೇಳಿತು ಅಂತ ಕಥೆ ಕಟ್ಟಿದ್ದ. 1979ರಲ್ಲಿ ತಾನೇ ಪತ್ರಕರ್ತರನ್ನು ಕರೆದು ಅದೆಲ್ಲ ಸುಳ್ಳು ಅಂದ. ಆ ಸುಳ್ಳು ಬಯಲಾಗುವ ದೃಶ್ಯ ಸರಣಿಯಲ್ಲಿ ಚೆನ್ನಾಗಿದೆ. ಆದರೆ ನಾಯಿಯ ಕಥೆ ನೆನಪಿರುವವರು ಜಾಸ್ತಿ. ಅದು ಸುಳ್ಳು ಅಂತ ಗೊತ್ತಿರುವವರು ಕಮ್ಮಿ.

ನನಗೆ ಸಿಟ್ಟು ತರಿಸಿದ್ದು ಬಿಲ್ ಟೆಂಚ್‌ನ ದತ್ತು ಮಗ ಬ್ರಯನ್ ಪಾತ್ರ. ಚಿಕ್ಕ ಹುಡುಗ, ಮಾತೇ ಆಡುವುದಿಲ್ಲ, ಆಟಿಸಂ ಇರಬಹುದು ಅಂತ ಸುಳಿವು ಕೊಡುತ್ತಾರೆ. ಎರಡನೇ ಸೀಸನ್ನಿನಲ್ಲಿ ಅವನನ್ನು ಒಂದು ಮಗುವಿನ ಸಾವಿಗೆ ಗಂಟುಹಾಕುತ್ತಾರೆ. ಅವನು ಸುಮ್ನೆ ನೋಡುತ್ತಾ ಕೂತರೂ ಹಿನ್ನೆಲೆಯಲ್ಲಿ ಭಯದ ಸಂಗೀತ. ಮಾತು ತಡವಾದ ಮಗು ಇರುವ ಮನೆಯಲ್ಲಿ ಈ ದೃಶ್ಯವನ್ನು ಯಾರಾದರೂ ನೋಡಿದರೆ ಏನನ್ನಿಸಬೇಕು?

ಇನ್ನು ವೆಂಡಿ ಕಾರ್. ಸರಣಿಯಲ್ಲಿ ಆಕೆ ಮನಶ್ಶಾಸ್ತ್ರಜ್ಞೆ. ನಿಜದ ಆನ್ ಬರ್ಜೆಸ್ ಮಾನಸಿಕ ಆರೋಗ್ಯದ ನರ್ಸ್. ಎಪ್ಪತ್ತರ ದಶಕದ ಶುರುವಿನಲ್ಲಿ, ಲಿಂಡಾ ಹೋಲ್ಮ್‌ಸ್ಟ್ರೋಮ್ ಎಂಬ ಸಮಾಜಶಾಸ್ತ್ರಜ್ಞೆಯ ಜೊತೆ, ಬಾಸ್ಟನ್ ಸಿಟಿ ಆಸ್ಪತ್ರೆಯ ಎಮರ್ಜೆನ್ಸಿಗೆ ಬಂದ ಅತ್ಯಾಚಾರ ಸಂತ್ರಸ್ತರನ್ನು ಹಗಲು ರಾತ್ರಿ ಅನ್ನದೆ ಮಾತಾಡಿಸಿದವರು. ಆ ಕೆಲಸ ನೋಡಿಯೇ ಎಫ್‌ಬಿಐ ಅವರನ್ನು ಕರೆದದ್ದು. ಅಂದರೆ ಬರ್ಜೆಸ್ ಮೊದಲು ಕೇಳಿಸಿಕೊಂಡದ್ದು ಏಟು ತಿಂದವರ ಮಾತು. ನರ್ಸ್ ಅನ್ನುವುದನ್ನು ತೆಗೆದು ಮನಶ್ಶಾಸ್ತ್ರಜ್ಞೆ ಮಾಡಿದಾಗ ಸರಣಿಯಿಂದ ಆ ಭಾಗವೂ ಜಾರಿಹೋಯಿತು.

ಪೂರ್ತಿ ಅಲ್ಲ. ಎರಡನೇ ಸೀಸನ್ನಿನ ಎರಡನೇ ಕಂತಿನಲ್ಲಿ ಬಿಲ್ ಟೆಂಚ್ ವಿಚಿಟಾ ನಗರಕ್ಕೆ ಹೋಗುತ್ತಾನೆ. ಬಿಟಿಕೆ ಎಂಬ ಹಂತಕನ ಕೈಯಿಂದ ಬದುಕಿ ಉಳಿದ ಒಬ್ಬ ಯುವಕನನ್ನು ಕಾರಿನಲ್ಲಿ ಕೂರಿಸಿಕೊಂಡು ಮಾತಾಡಿಸುತ್ತಾನೆ. ಆತ ಹಿಂದಿನ ಸೀಟಿನಲ್ಲಿದ್ದಾನೆ. ತನ್ನ ಮುಖ ನೋಡಬೇಡಿ ಅಂತ ಷರತ್ತು ಹಾಕಿದ್ದಾನೆ. ಕ್ಯಾಮೆರಾ ಕೂಡ ಆ ಷರತ್ತನ್ನು ಪಾಲಿಸುತ್ತದೆ. ಎರಡೂ ಸೀಸನ್‌ಗಳಲ್ಲಿ ಅತ್ಯಂತ ಒಳ್ಳೆಯ ದೃಶ್ಯ ಇದು ಅಂತ ನನ್ನ ಲೆಕ್ಕ. ಈಗ ಆ ಭಾಗವನ್ನು ಇಲ್ಲಿ ಹಾಕುತ್ತಾರೆ. ಅದಾದ ಮೇಲೆ ನಿಮ್ಮ ಪ್ರಶ್ನೆಗಳನ್ನು ತೆಗೆದುಕೊಳ್ಳುತ್ತೇನೆ. ಕೆಂಪರ್ ಬಗ್ಗೆ ಮಾತ್ರ ಕೇಳಬೇಡಿ, ಅವನ ಬಗ್ಗೆ ಆಗಲೇ ಜಾಸ್ತಿ ಮಾತಾಡಿಬಿಟ್ಟೆ.