ಸೂರ್ಯನನ್ನು ಭುಜದ ಪಕ್ಕಕ್ಕೆ ಬಿಡಿ

ನಮಸ್ಕಾರ. ಚಳಿ ಶುರುವಾಯಿತು ಅಂದರೆ ಸಾಕು, ಭಾನುವಾರ ಬೆಳಗಿನ ಜಾವ ಮೈಸೂರಿನಿಂದ ಪಾಂಡವಪುರದ ಕುಂತಿ ಬೆಟ್ಟದ ಕಡೆ ಕ್ಯಾಮೆರಾ ಬ್ಯಾಗು ಹೊತ್ತ ಬೈಕುಗಳು ಹೊರಡುತ್ತವೆ. ಖುಷಿಯ ವಿಷಯವೇ. ಆದರೆ ಮೇಲೆ ಹತ್ತಿದವರೆಲ್ಲ ಒಂದೇ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಸೂರ್ಯ ಬಂದ, ಹತ್ತು ಫೋಟೋ ಹೊಡೆದರು, ತಿಂಡಿಗೆ ಇಳಿದರು. ನನಗೆ ಇದೇ ಬೇಜಾರು.

ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಮನೆಗೆ ಬಂದು ನೋಡಿದರೆ ಕಾರ್ಡ್ ತುಂಬ ಕೆಂಪು ಉಂಡೆ, ಅದರ ಕೆಳಗೊಂದು ಕಪ್ಪು ಗೆರೆ. ಯಾವ ಊರಿನ ಸೂರ್ಯ ಅಂತ ಹೇಳಿದರೂ ನಂಬಬಹುದಿತ್ತು. ಕುಂತಿ ಬೆಟ್ಟ ಅದರಲ್ಲಿ ಇರಲೇ ಇಲ್ಲ.

ನಮ್ಮ ಕಡೆಯ ಬೆಟ್ಟ ಅಂದರೆ ಬಂಡೆ, ಅಲ್ವಾ? ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ದಂಡು ಇಲ್ಲಿ ಬೀಡುಬಿಟ್ಟಿತ್ತು. ಅದಕ್ಕೇ ಬ್ರಿಟಿಷರು ಪಾಂಡವಪುರವನ್ನು ಫ್ರೆಂಚ್ ರಾಕ್ಸ್ ಅಂತಲೇ ಕರೆದರು. ಊರಿಗೇ ಹೆಸರು ಕೊಟ್ಟ ಬಂಡೆಯನ್ನು ಫೋಟೋದಲ್ಲಿ ಕಪ್ಪು ಮಾಡಿಬಿಟ್ಟರೆ ಹೇಗೆ?

ಹುಟ್ಟುವ ಸೂರ್ಯನ ಬೆಳಕು ತುಂಬ ಗಾಳಿ ದಾಟಿ ಬರುತ್ತದೆ. ದಾರಿಯಲ್ಲಿ ನೀಲಿ ಚದುರಿ, ಕೆಂಪು ಹಳದಿ ಉಳಿಯುತ್ತವೆ. ಆ ಬೆಳಕು ಕಲ್ಲನ್ನು ಅಡ್ಡಡ್ಡ ಸವರಿಕೊಂಡು ಹೋಗುವಾಗ ಒಂದೊಂದು ಹರಳಿಗೂ ಪುಟ್ಟ ನೆರಳು ಹುಟ್ಟುತ್ತದೆ. ಮಧ್ಯಾಹ್ನ ಬರೀ ಬೂದು ಕಾಣುವ ಜಾಗದಲ್ಲಿ ಏನೆಲ್ಲ ಇದೆ ಗೊತ್ತಾ? ಈರುಳ್ಳಿ ಸಿಪ್ಪೆಯ ಹಾಗೆ ಎದ್ದ ಪದರ. ಮಳೆನೀರು ಇಳಿದೂ ಇಳಿದೂ ಬಿಟ್ಟ ಕಪ್ಪು ಪಟ್ಟೆ. ಅಂಗೈಯಗಲದ ಕಲ್ಲುಹೂವು, ಅಂಚು ಸುರುಟಿಕೊಂಡು, ತುದಿಯಲ್ಲಿ ಒಂದು ಹನಿ ಇಬ್ಬನಿ. ಮಂಡಿಯೂರಿ ನೋಡಿ, ಬೇರೆಯದೇ ಬೆಟ್ಟ ಕಾಣುತ್ತದೆ.

ಅದಕ್ಕೇ ಹೇಳುತ್ತೇನೆ, ಸೂರ್ಯ ನಿಮ್ಮ ಎಡ ಅಥವಾ ಬಲ ಭುಜದ ಪಕ್ಕ ಇರಲಿ. ಪೂರ್ತಿ ಬೆನ್ನ ಹಿಂದೆ ಹಾಕಿದರೆ ನೆರಳು ಕಲ್ಲಿನ ಹಿಂದೆ ಅಡಗಿ ಚಿತ್ರ ಚಪ್ಪಟೆಯಾಗುತ್ತದೆ. ಟ್ರೈಪಾಡ್ ಇದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಫ್ (ಲೆನ್ಸ್ ಕಿಂಡಿಯ ಅಳತೆ) 11 ಸಾಕು. ಮೊಬೈಲ್ ಆದರೆ ಪರದೆಯಲ್ಲಿ ಬಂಡೆ ಕಾಣುವ ಜಾಗದ ಮೇಲೆ ಬೆರಳು ಒತ್ತಿ, ಬ್ರೈಟ್‌ನೆಸ್ ಸ್ವಲ್ಪ ಇಳಿಸಿ.

ಇನ್ನೊಂದು ಮಾತು. ಆ್ಯಪ್‌ನಲ್ಲಿ ಆಕಾಶ ಬದಲಿಸಬೇಡಿ, ದಯವಿಟ್ಟು. ಚಾಮುಂಡಿ ಬೆಟ್ಟದ ಗ್ರಾನೈಟಿಗೆ ಸುಮಾರು 80 ಕೋಟಿ ವರ್ಷ. ಅದರ ತಲೆ ಮೇಲೆ ಎಲ್ಲಿಂದಲೋ ತಂದ ನೇರಳೆ ಮೋಡ ಕೂರಿಸುವುದು ನನಗೆ ಸಹಿಸಲು ಆಗುವುದಿಲ್ಲ. ಚಳಿಗಾಲದಲ್ಲಿ ಕಬ್ಬಿನ ಗದ್ದೆಯ ಮೇಲೆ ಮಂಜು ತಾನಾಗೇ ಕೂರುತ್ತದೆ. ಅದಕ್ಕಿಂತ ಜಾಸ್ತಿ ಏನು ಬೇಕು?

ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 6:45ರ ಸುಮಾರಿಗೆ. 6 ಗಂಟೆಗೇ ಜಾಗ ಹಿಡಿಯಿರಿ. ಟಾರ್ಚ್ ಇರಲಿ, ಇಬ್ಬನಿ ಬಿದ್ದ ಬಂಡೆ ಜಾರುತ್ತದೆ. ಎಲ್ಲರೂ ಪೂರ್ವಕ್ಕೆ ಫೋನ್ ಎತ್ತಿದಾಗ ನೀವು ಪಕ್ಕಕ್ಕೆ ತಿರುಗಿ. 7:15ರ ಹೊತ್ತಿಗೆ ಕಲ್ಲು ಮತ್ತೆ ಬೂದು. ಆಗ ಇಳಿಯಿರಿ.