ಸ್ಟೀಮ್ ನಾಬನ್ನ ಇನ್ನೂ ಬಿಗಿ ಮಾಡ್ಬೇಡಿ, ಬಿಚ್ಚಿ ನೋಡಿ

ನಮಸ್ಕಾರ. ಎಸ್‌ಪ್ರೆಸೊ ಮೆಷಿನ್‌ನಲ್ಲಿ ಹಾಲಿಗೆ ಹಬೆ ಬಿಡೋ ಸ್ಟೀಮ್ ಕೊಳವೆ ತೊಟ್ಟಿಕ್ಕೋಕೆ ಶುರುವಾದ್ರೆ ಮನೆಮಂದಿಯೆಲ್ಲ ಮೊದಲು ಮಾಡೋ ಕೆಲಸ ಒಂದೇ, ನಾಬನ್ನ ಇನ್ನಷ್ಟು ತಿರುಚೋದು. ಅವತ್ತಿಗೆ ತೊಟ್ಟು ನಿಲ್ಲುತ್ತೆ. ಮುಂದಿನ ವಾರ ಇನ್ನೂ ಸ್ವಲ್ಪ ಬಲ ಬೇಕಾಗುತ್ತೆ. ಆಮೇಲೆ ಬಟ್ಟೆ ಸುತ್ತಿ ತಿರುಚ್ತಾರೆ. ಅಷ್ಟು ಹೊತ್ತಿಗೆ ಒಳಗಿರೋ ಹಿತ್ತಾಳೆ ಸೀಟು, ಅಂದ್ರೆ ವಾಲ್ವಿನ ಸೂಜಿ ಕೂತು ಹಬೆಯ ದಾರಿ ಮುಚ್ಚೋ ಜಾಗ, ಗಾಯವಾಗಿರುತ್ತೆ, ಕೆಲವೇ ರೂಪಾಯಿಯ ರಬ್ಬರ್ ರಿಂಗಿನಲ್ಲಿ ಮುಗೀತಿದ್ದ ಕೆಲಸ ಇಡೀ ವಾಲ್ವ್ ಬದಲಾಯಿಸೋ ಮಟ್ಟಕ್ಕೆ ಹೋಗಿರುತ್ತೆ. ಆಗ ಮಾರಾಟಗಾರರು ಮೈಸೂರಿಂದ ಮೆಷಿನ್ನನ್ನ ಥರ್ಮಾಕೋಲ್‌ನಲ್ಲಿ ಕಟ್ಟಿ ಬೆಂಗಳೂರಿಗೆ ಕಳಿಸಿ ಅಂತಾರೆ. ಇದು ಬೇಡ ಅಂತ ಹೇಳೋಕೇ ಈ ಎಪಿಸೋಡ್.

ಕುಕ್ಕರ್ ಗ್ಯಾಸ್ಕೆಟ್ ಹಳೇದಾದ್ರೆ ನಮ್ಮ ಊರಲ್ಲಿ ಯಾರೂ ಕುಕ್ಕರನ್ನ ಗುಜರಿಗೆ ಹಾಕಲ್ಲ, ಹೊಸ ಗ್ಯಾಸ್ಕೆಟ್ ತಂದು ಹಾಕ್ತಾರೆ. ಕುಕ್ಕರ್ ವೆಯ್ಟ್ ಏಳೋದು ಸುಮಾರು 1 ಬಾರ್ ಒತ್ತಡಕ್ಕೆ. ಹೀಟ್ ಎಕ್ಸ್‌ಚೇಂಜರ್ ಇರೋ, ಅಂದ್ರೆ ಕಾಫಿ ನೀರು ಬೇರೆ ಪೈಪಲ್ಲಿ ಸ್ಟೀಮ್ ಬಾಯ್ಲರ್ ಒಳಗೆ ಹಾದು ಬಿಸಿಯಾಗೋ ಎಸ್‌ಪ್ರೆಸೊ ಮೆಷಿನ್‌ನ ಸ್ಟೀಮ್ ಬಾಯ್ಲರಲ್ಲೂ ಇರೋದು ಹೆಚ್ಚುಕಡಿಮೆ ಅಷ್ಟೇ, 1ರಿಂದ 1.3 ಬಾರ್. ಹೆದರೋ ಅಂಥದ್ದೇನಿಲ್ಲ, ಗೌರವ ಮಾತ್ರ ಇರಲಿ. ಒಂದೇ ಬಾಯ್ಲರ್ ಇರೋ ಚಿಕ್ಕ ಮೆಷಿನ್‌ಗಳಲ್ಲಿ ಲೆಕ್ಕ ಬೇರೆ. ಗಾಜಿಯಾ ಕ್ಲಾಸಿಕ್‌ನಂಥದ್ದರಲ್ಲಿ ಕಾಫಿಗೂ ಸ್ಟೀಮಿಗೂ ಅದೇ ಬಾಯ್ಲರ್. ಕಾಫಿ ಇಳಿಸುವಾಗ ಪಂಪಿನ 9 ಬಾರೋ, ಅದಕ್ಕಿಂತ ಹೆಚ್ಚೋ, ಆ ಒತ್ತಡ ಪೂರ್ತಿ ಸ್ಟೀಮ್ ವಾಲ್ವಿನ ಮೇಲೂ ಬೀಳುತ್ತೆ. ಅದಕ್ಕೇ ಈ ಮೆಷಿನ್‌ಗಳಲ್ಲಿ ಸ್ಟೀಮ್ ಹಾಕದೆ ಇದ್ರೂ, ಕಾಫಿ ಇಳಿಸುವಾಗಲೇ ಕೊಳವೆ ತುದಿಯಲ್ಲಿ ನೀರು ಕಾಣಿಸಿಕೊಳ್ಳುತ್ತೆ.

ಸ್ಪ್ಯಾನರ್ ಹಿಡಿಯೋ ಮೊದಲು ನೀರು ಎಲ್ಲಿಂದ ಬರ್ತಿದೆ ಅಂತ ಖಚಿತ ಮಾಡ್ಕೊಳ್ಳಿ. ಟಿಶ್ಯೂ ಕಾಗದದ ತುಂಡು ಸಾಕು. ಕೊಳವೆಯ ತುದಿಯಿಂದ ತೊಟ್ಟಿಕ್ಕಿದ್ರೆ ತಪ್ಪಿರೋದು ವಾಲ್ವಿನ ಸೀಟಲ್ಲಿ. ನಾಬಿನ ಬುಡದಿಂದ, ಅದೂ ವಾಲ್ವ್ ತೆರೆದಾಗ ಮಾತ್ರ, ಹಬೆಯೋ ನೀರೋ ಬಂದ್ರೆ ನಾಬ್ ತಿರುಗಿಸೋ ಕಡ್ಡಿಯ ಸುತ್ತ ಇರೋ ರಬ್ಬರ್ ಬಳೆ, ಅಂದ್ರೆ ಓ-ರಿಂಗ್, ಹೋಗಿದೆ. ಕೊಳವೆ ಆಡೋ ಕೀಲಿನ ಹತ್ತಿರ ಒದ್ದೆಯಾದ್ರೆ ಅಲ್ಲಿರೋ ಸೀಲು. ಮೆಷಿನ್ ಕೆಳಗೆ ನೀರು ಸೇರ್ತಿದ್ರೆ ವಾಲ್ವೂ ಬಾಯ್ಲರೂ ಸೇರೋ ಜಾಗ. ಈ ಕೊನೇದನ್ನ ಒಂದು ದಿನವೂ ಮುಂದಕ್ಕೆ ಹಾಕ್ಬೇಡಿ, ಯಾಕಂದ್ರೆ ಪಕ್ಕದಲ್ಲೇ ಹೀಟರ್‌ನ ಕರೆಂಟ್ ಟರ್ಮಿನಲ್‌ಗಳು, ಥರ್ಮೋಸ್ಟಾಟ್‌ಗಳು ಇರ್ತವೆ.

ಸೋರಿಕೆ ಅಲ್ಲದ್ದೂ ಕೆಲವಿದೆ. ಸ್ಟೀಮ್ ನಿಲ್ಲಿಸಿದ ಮೇಲೆ ನಾಲ್ಕಾರು ತೊಟ್ಟು ಬೀಳೋದು ಕೊಳವೆಯೊಳಗೆ ಹಬೆ ತಣ್ಣಗಾಗಿ ನೀರಾಗೋದರಿಂದ. ಹೀಟ್ ಎಕ್ಸ್‌ಚೇಂಜರ್ ಮೆಷಿನ್ ಬಿಸಿಯಾಗುವಾಗ ಮೇಲಿಂದ ಕೇಳೋ ಸುಯ್ ಸದ್ದು ಗಾಳಿ ಹೊರಹಾಕೋ ವಾಲ್ವಿನದ್ದು, ಒತ್ತಡ ಏರಿದ ಮೇಲೆ ತಾನಾಗೇ ನಿಲ್ಲಬೇಕು. ಇನ್ನೊಂದು, ಇದೇ ಥರದ ಮೆಷಿನ್‌ನಲ್ಲಿ ವಾಲ್ವ್ ತೆರೆದಾಗ ಹಬೆಗೆ ಬದಲಾಗಿ ಬಿಸಿನೀರೇ ಉಕ್ಕಿದ್ರೆ ವಾಲ್ವನ್ನ ಬಯ್ಯಬೇಡಿ, ಬಾಯ್ಲರಲ್ಲಿ ನೀರು ಮಿತಿ ಮೀರಿದೆ. ಬರೀ ಆರ್‌ಒ ನೀರು ಹಾಕೋ ಮನೆಗಳಲ್ಲಿ ಇದು ಆಗುತ್ತೆ. ನೀರಿನ ಮಟ್ಟ ನೋಡೋ ಕಡ್ಡಿಗೆ ನೀರಲ್ಲಿ ಒಂದಿಷ್ಟು ಲವಣ ಇದ್ರೇನೇ ಕರೆಂಟ್ ಹರಿದು ಗೊತ್ತಾಗೋದು. ಲವಣವೇ ಇಲ್ಲದ ನೀರು ಅದಕ್ಕೆ ಕಾಣಿಸೋದೇ ಇಲ್ಲ, ಪಂಪ್ ತುಂಬ್ತಾನೇ ಇರುತ್ತೆ.

ನೀರಿನ ಮಾತಿಗೆ ಬಂದ್ವಿ, ಅದನ್ನ ಮುಗಿಸೋಣ. ಮೈಸೂರಲ್ಲಿ ನಲ್ಲಿಗೆ ಕಾವೇರಿ, ಕಬಿನಿ ನೀರು ಬರೋ ಮನೆಯ ಮೆಷಿನ್ನಿಗೂ, ಬೋರ್‌ವೆಲ್ ನೀರು ಕುಡಿಯೋ ಮೆಷಿನ್ನಿಗೂ ಆಯಸ್ಸು ಒಂದೇ ಅಲ್ಲ. ಹೊಸ ಬಡಾವಣೆಗಳಲ್ಲಿ, ಮಂಡ್ಯದ ಕಡೆ ಹಳ್ಳಿಗಳಲ್ಲಿ ಬೋರ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತಲ್ಲ, ಅದೇ ಸುಣ್ಣ ವಾಲ್ವಿನ ಸೀಟ್ ಮೇಲೂ ಕೂರುತ್ತೆ. ಅದರ ಒಂದು ಚೂರು ಸೂಜಿಗೂ ಸೀಟಿಗೂ ನಡುವೆ ಸಿಕ್ಕಿಕೊಂಡ್ರೆ ವಾಲ್ವ್ ಪೂರ್ತಿ ಮುಚ್ಚಲ್ಲ. ಅದರ ಮೇಲೆ ಬಿಗಿ ಮಾಡಿದ್ರಿ ಅಂದ್ರೆ ಆ ಚೂರೇ ಹಿತ್ತಾಳೆಯೊಳಕ್ಕೆ ಒತ್ತಿ ಹಳ್ಳ ಮಾಡುತ್ತೆ. ಬೋರ್ ನೀರಿನ ಮನೆಯವರು ಆರ್‌ಒ ನೀರಿಗೆ ಒಂದು ಪಾಲು ನದಿ ನೀರು ಬೆರೆಸಿ ಹಾಕಿ, ಸುಣ್ಣವೂ ಕಮ್ಮಿ, ಕಡ್ಡಿಗೂ ನೀರು ಗೊತ್ತಾಗುತ್ತೆ.

ಎರಡನೇ ಶತ್ರು ಹಾಲು. ಸ್ಟೀಮ್ ನಿಲ್ಲಿಸಿ ಕೊಳವೆಯನ್ನ ಹಾಲಿನ ಜಗ್ಗಿನಲ್ಲೇ ಬಿಟ್ರೆ, ಒಳಗಿನ ಹಬೆ ತಣ್ಣಗಾಗಿ ಕುಗ್ಗುತ್ತೆ, ಹಾಲನ್ನ ಮೇಲಕ್ಕೆ ಎಳ್ಕೊಳ್ಳುತ್ತೆ. ವಾಲ್ವ್ ತನಕ ಹೋದ ಹಾಲು ಒಣಗಿ ಗಟ್ಟಿಯಾದ್ರೆ ಸುಣ್ಣಕ್ಕಿಂತ ಕೆಟ್ಟದ್ದು. ಹಾಲು ಕಾಯಿಸಿದ ತಕ್ಷಣ ಕೊಳವೆ ಹೊರಗೆ ತೆಗೆದು, ಎರಡು ಸೆಕೆಂಡ್ ಹಬೆ ಬಿಟ್ಟು, ಒದ್ದೆ ಬಟ್ಟೇಲಿ ಒರೆಸಿ. ಈ ಅಭ್ಯಾಸ ಇಲ್ಲದವರು ಯಾವ ರಿಪೇರಿ ಮಾಡಿಸಿದ್ರೂ ಅದು ನಿಲ್ಲಲ್ಲ.

ಬಿಚ್ಚೋಕೆ ಮುಂಚೆ ಒಂದು ಪ್ರಯೋಗ ಮಾಡಿ. ಒಂದೇ ಬಾಯ್ಲರ್‌ನ ಮೆಷಿನ್ ಆದ್ರೆ ಸ್ಟೀಮ್ ವಾಲ್ವ್ ಪೂರ್ತಿ ತೆರೆದು, ಪಂಪ್ ಹಾಕಿ, ಹತ್ತು ಹದಿನೈದು ಸೆಕೆಂಡ್ ಬಿಸಿನೀರು ಕೊಳವೆಯಿಂದ ರಭಸವಾಗಿ ಹರೀಲಿ. ಆಮೇಲೆ ಎರಡೇ ಬೆರಳಲ್ಲಿ ಮುಚ್ಚಿ. ಸಿಕ್ಕಿಕೊಂಡಿದ್ದ ಚೂರು ಹೋಗಿದ್ರೆ ಅಲ್ಲಿಗೆ ಕೆಲಸ ಆಯ್ತು. ಹೋಗದಿದ್ರೆ ಲೀಟರ್ ನೀರಿಗೆ 20 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಕರಗಿಸಿ ಡಿಸ್ಕೇಲ್ ಮಾಡಬಹುದು, ಅಂದ್ರೆ ಒಳಗಿನ ಸುಣ್ಣ ಕರಗಿಸಬಹುದು. ಬಾಯ್ಲರ್ ಅಲ್ಯೂಮಿನಿಯಂದಾದ್ರೆ ತಯಾರಕರು ಹೇಳಿದ ದ್ರಾವಣ ಮಾತ್ರ ಹಾಕಿ, ಹೇಳಿದಷ್ಟೇ ಹೊತ್ತು. ಡಿಸ್ಕೇಲ್ ಮಾಡಿದ ಮೇಲೇ ಸೋರಿಕೆ ಶುರುವಾಯ್ತು ಅಂತ ಹಲವರು ದೂರ್ತಾರೆ. ಸವೆದ ರಿಂಗಿನ ಸಂದನ್ನ ಅಷ್ಟು ದಿನ ಮುಚ್ಚಿಕೊಂಡಿದ್ದದ್ದು ಸುಣ್ಣ, ಅದು ಕರಗಿದ ಮೇಲೆ ರಿಂಗಿನ ನಿಜ ಸ್ಥಿತಿ ಹೊರಬಿತ್ತು, ಅಷ್ಟೇ.

ಈಗ ರಬ್ಬರ್. ಮನೆಯಲ್ಲಿ ಮಾಡೋ ರಿಪೇರಿ ಹೆಚ್ಚಾಗಿ ಕೆಡೋದು ಇಲ್ಲೇ. ಅಂಗಡಿಗೆ ಹೋಗಿ ಹಳೇ ರಿಂಗ್ ತೋರಿಸಿದ್ರೆ ಅಳತೆ ನೋಡಿ ಒಂದು ಕಪ್ಪು ಓ-ರಿಂಗ್ ಕೊಡ್ತಾರೆ. ಅದು ಸಾಮಾನ್ಯವಾಗಿ ನೈಟ್ರೈಲ್ ಅನ್ನೋ ರಬ್ಬರ್. ಎಣ್ಣೆಗೆ, ಪೆಟ್ರೋಲಿಗೆ ಬಹಳ ಒಳ್ಳೇದು, ಆದ್ರೆ ಸುಮಾರು 100 ಡಿಗ್ರಿ ಆಚೆ ಅದಕ್ಕೆ ಬಾಳಿಕೆ ಇಲ್ಲ. 1 ಬಾರ್ ಒತ್ತಡದ ಹಬೆಯೇ 120 ಡಿಗ್ರಿ ಇರುತ್ತೆ. ಗಾಜಿಯಾ ಕ್ಲಾಸಿಕ್‌ನ ಸ್ಟೀಮ್ ಥರ್ಮೋಸ್ಟಾಟ್ 145 ಡಿಗ್ರಿಯದ್ದು. ನೈಟ್ರೈಲ್ ರಿಂಗ್ ಅಲ್ಲಿ ಗಟ್ಟಿಯಾಗಿ, ಬಿರುಕು ಬಿಟ್ಟು, ಕೆಲವೇ ದಿನದಲ್ಲಿ ಮತ್ತೆ ಸೋರುತ್ತೆ. ಆಗ ಜನ ರಿಪೇರಿಯೇ ಸುಳ್ಳು ಅಂದ್ಕೊಳ್ತಾರೆ.

ಕೇಳಬೇಕಾದ್ದು ಇಪಿಡಿಎಂ. ಬಿಸಿನೀರಿಗೂ ಹಬೆಗೂ ಹೇಳಿಮಾಡಿಸಿದ ರಬ್ಬರ್ ಅದು, 150 ಡಿಗ್ರಿವರೆಗೆ ತಡೆಯುತ್ತೆ. ವಿಟಾನ್ ಅನ್ನೋ ಇನ್ನೊಂದು ರಬ್ಬರ್ ಜಾಸ್ತಿ ಬೆಲೆಯದ್ದು, 200 ಡಿಗ್ರಿ ತಡೆಯುತ್ತೆ ಅಂತ ಅಂಗಡಿಯವರು ಹೊಗಳ್ತಾರೆ. ಆ 200 ಒಣ ಬಿಸಿಗೆ. ಹಬೆಯ ಎದುರು ಸಾಧಾರಣ ವಿಟಾನ್ ಇಪಿಡಿಎಂನಷ್ಟು ನಿಲ್ಲಲ್ಲ. ಸಿಲಿಕಾನ್ ಮೆತ್ತಗೆ, ತಿರುಗೋ ಕಡ್ಡಿಯ ಉಜ್ಜುವಿಕೆಗೆ ಬೇಗ ಹರಿಯುತ್ತೆ. ಟೆಫ್ಲಾನ್ ಸೀಟಿಗೆ ಉತ್ತಮ, ಆದ್ರೆ ಅದಕ್ಕೆ ಪುಟಿಯೋ ಗುಣ ಇಲ್ಲ, ರಬ್ಬರ್ ಓ-ರಿಂಗ್ ಇದ್ದ ಜಾಗದಲ್ಲಿ ತುರುಕಿದ್ರೆ ಪ್ರಯೋಜನ ಇಲ್ಲ. ಬೇರಿಂಗ್, ಹೈಡ್ರಾಲಿಕ್ ಸೀಲ್ ಮಾರೋ ಅಂಗಡೀಲಿ ಕೇಳಿ. ಮೈಸೂರಿನ ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ ಕಾರ್ಖಾನೆಗಳಿಗೆ ಸೀಲು ಕೊಡೋರಿಗೆ ಇಪಿಡಿಎಂ ಅಂದ್ರೆ ಏನು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಬಣ್ಣ ನೋಡಿ ನಂಬಬೇಡಿ, ನೈಟ್ರೈಲೂ ಕಪ್ಪು, ಇಪಿಡಿಎಂ ಕೂಡ ಕಪ್ಪು. ಪ್ಯಾಕೆಟ್ ಮೇಲೆ ಬರೆದಿರಬೇಕು.

ಅಳತೆ ತಗೊಳ್ಳುವಾಗ ಹಳೇ ರಿಂಗನ್ನ ಮಾತ್ರ ನೆಚ್ಚಬೇಡಿ. ಅದು ಚಪ್ಪಟೆಯಾಗಿ, ಅಗಲವಾಗಿರುತ್ತೆ. ವರ್ನಿಯರ್ ಅಳತೆ ಸಾಧನದಲ್ಲಿ ಕಡ್ಡಿಯ ದಪ್ಪ, ರಿಂಗ್ ಕೂರೋ ತೋಡಿನ ಅಗಲ ಮತ್ತು ಆಳ ಮೂರನ್ನೂ ಬರೆದುಕೊಳ್ಳಿ. ಆಳಕ್ಕಿಂತ ರಿಂಗ್ ಸ್ವಲ್ಪ ದಪ್ಪ ಇದ್ರೇನೇ ಒತ್ತಿಕೊಂಡು ಸೀಲ್ ಆಗೋದು. ಬೆಲೆ ಕಮ್ಮಿ, ನಾಲ್ಕು ತಗೊಂಡಿಡಿ.

ಬಿಚ್ಚೋದು ಹೀಗೆ. ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಸ್ಟೀಮ್ ವಾಲ್ವ್ ತೆರೆದು ಒತ್ತಡ ಬಿಡಿ, ಎರಡು ಗಂಟೆ ತಣ್ಣಗಾಗಲಿ. ಟ್ಯಾಂಕ್ ತೆಗೀರಿ. ಮೇಲಿನ ಮುಚ್ಚಳ ತೆಗೆದು ಫೋನಲ್ಲಿ ಫೋಟೋ ತಗೊಳ್ಳಿ. ನಾಬ್ ಕೆಲವದರಲ್ಲಿ ಎಳೆದ್ರೆ ಬರುತ್ತೆ, ಕೆಲವದರಲ್ಲಿ ಪಕ್ಕದಲ್ಲಿ ಚಿಕ್ಕ ಅಲೆನ್ ಸ್ಕ್ರೂ ಇರುತ್ತೆ, ಹುಡುಕದೆ ಎಳೆದ್ರೆ ನಾಬ್ ಸೀಳುತ್ತೆ. ಈಗ ಬಹಳ ಮುಖ್ಯವಾದ ಮಾತು. ದೊಡ್ಡ ನಟ್ ಬಿಚ್ಚೋ ಮೊದಲು ವಾಲ್ವ್ ಅರ್ಧ ಸುತ್ತು ತೆರೆದಿರಬೇಕು. ಮುಚ್ಚಿದ ಸ್ಥಿತೀಲಿ ನಟ್ ತಿರುಗಿಸಿದ್ರೆ ಸೂಜಿ ಸೀಟಿಗೆ ಉಜ್ಜಿ ಎರಡೂ ಹಾಳು. ಮತ್ತೆ ಜೋಡಿಸುವಾಗಲೂ ಇದೇ ನಿಯಮ.

ಸ್ಪ್ಯಾನರ್ ಎರಡು ಬೇಕು. ಒಂದು ವಾಲ್ವಿನ ಒಡಲನ್ನ ಅಲುಗದಂತೆ ಹಿಡಿಯೋಕೆ, ಇನ್ನೊಂದು ನಟ್ ತಿರುಗಿಸೋಕೆ. ಒಂದರಲ್ಲೇ ಮಾಡೋಕೆ ಹೋದ್ರೆ ಒಳಗಿನ ತಾಮ್ರದ ಪೈಪ್ ತಿರುಚಿಕೊಳ್ಳುತ್ತೆ, ಬಾಯ್ಲರ್ ಬೆಸುಗೆಯೇ ಬಿರಿಯಬಹುದು. ಇಕ್ಕಳ ಹಾಕ್ಬೇಡಿ, ಹಿತ್ತಾಳೆ ನಟ್‌ನ ಮೂಲೆಗಳು ಉರುಟಾಗಿಬಿಡ್ತವೆ. ಹೊರಬಂದ ಭಾಗಗಳನ್ನ ಬಂದ ಕ್ರಮದಲ್ಲೇ ಬಿಳಿ ಬಟ್ಟೆ ಮೇಲೆ ಜೋಡಿಸಿ. ಹಳೇ ರಿಂಗನ್ನ ಹಲ್ಲುಕಡ್ಡಿಯಿಂದ ಎಬ್ಬಿಸಿ, ಸ್ಕ್ರೂಡ್ರೈವರ್ ತುದಿ ಗೀರು ಹಾಕುತ್ತೆ, ಆ ಗೀರಿನ ದಾರೀಲೇ ಹಬೆ ಬರುತ್ತೆ. ಹಿತ್ತಾಳೆ ಭಾಗಗಳನ್ನ ನಿಂಬೆ ಉಪ್ಪಿನ ನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ, ರಾತ್ರಿಯಿಡೀ ಬಿಡಬೇಡಿ, ಹಿತ್ತಾಳೆ ಕೆಂಪಾಗುತ್ತೆ. ಆಮೇಲೆ ಟಾರ್ಚ್ ಬಿಟ್ಟು ಸೀಟ್ ನೋಡಿ. ಸುತ್ತಲೂ ಸಮನಾದ ಒಂದು ಗೆರೆ ಇದ್ರೆ ಸರಿ. ಆ ಗೆರೆಯನ್ನ ಅಡ್ಡ ಕತ್ತರಿಸೋ ಗಾಯ ಇದ್ರೆ ಹೊಸ ರಿಂಗ್ ಹಾಕಿ ಫಲ ಇಲ್ಲ, ವಾಲ್ವ್ ಬದಲಾಯಿಸಲೇಬೇಕು.

ಹೊಸ ರಿಂಗಿಗೆ ಆಹಾರಕ್ಕೆ ಯೋಗ್ಯವಾದ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ. ವ್ಯಾಸಲೀನ್, ಹೊಲಿಗೆ ಮೆಷಿನ್ ಎಣ್ಣೆ ಬೇಡವೇ ಬೇಡ. ಇಪಿಡಿಎಂಗೆ ಪೆಟ್ರೋಲಿಯಂ ಎಣ್ಣೆ ವಿಷ, ಊದಿಕೊಂಡು ಹೋಗುತ್ತೆ.

ಟೆಫ್ಲಾನ್ ಟೇಪ್ ಬಗ್ಗೆ ಹೇಳ್ಲೇಬೇಕು. ನಲ್ಲಿ ರಿಪೇರಿಯವರು ಎಲ್ಲಕ್ಕೂ ಅದನ್ನೇ ಸುತ್ತಿ ಕೊಡ್ತಾರೆ. ಥ್ರೆಡ್ಡೇ ಸೀಲ್ ಮಾಡೋ ಕಡೆ ಮಾತ್ರ ಅದಕ್ಕೆ ಕೆಲಸ. ವಾಶರ್ ಅಥವಾ ಓ-ರಿಂಗ್ ಸೀಲ್ ಮಾಡೋ ಜಾಗದಲ್ಲಿ ಟೇಪ್ ಸುತ್ತಿದ್ರೆ ನಟ್ ಪೂರ್ತಿ ಕೂರಲ್ಲ, ಹರಿದ ಎಳೆ ಹೋಗಿ ಸೀಟಿನಲ್ಲಿ ಸಿಕ್ಕಿ ಹೊಸ ಸೋರಿಕೆ ತರುತ್ತೆ.

ಜೋಡಿಸುವಾಗ ನಟ್ಟನ್ನ ಮೊದಲು ಬೆರಳಲ್ಲೇ ಕೊನೇತನಕ ತಿರುಗಿಸಿ. ಬೆರಳಿಗೆ ಬರ್ತಿಲ್ಲ ಅಂದ್ರೆ ಥ್ರೆಡ್ ಅಡ್ಡ ಕೂತಿದೆ, ಹಿಂದಕ್ಕೆ ತೆಗೆದು ಮತ್ತೆ ಶುರು ಮಾಡಿ. ಕೊನೇಲಿ ಸ್ಪ್ಯಾನರ್‌ನಿಂದ ಕಾಲು ಸುತ್ತು ಸಾಕು. ಮೊದಲ ಪರೀಕ್ಷೆ ತಣ್ಣೀರಲ್ಲಿ. ಬಾಯ್ಲರ್ ತುಂಬಿಸಿ, ಕಾಫಿಪುಡಿ ಬಾಸ್ಕೆಟ್ ಜಾಗದಲ್ಲಿ ತೂತಿಲ್ಲದ ಬಾಸ್ಕೆಟ್ ಹಾಕಿ, ವಾಲ್ವ್ ಮುಚ್ಚಿ, ಹತ್ತು ಸೆಕೆಂಡ್ ಪಂಪ್ ಓಡಿಸಿ ಟಿಶ್ಯೂ ಒತ್ತಿ ನೋಡಿ. ಹೀಟ್ ಎಕ್ಸ್‌ಚೇಂಜರ್ ಮೆಷಿನ್‌ಗೆ ಇದು ಲಾಗೂ ಆಗಲ್ಲ, ಅಲ್ಲಿ ಪಂಪಿನ ಒತ್ತಡ ಸ್ಟೀಮ್ ವಾಲ್ವಿಗೆ ಬರೋದೇ ಇಲ್ಲ, ಬಿಸಿ ಮಾಡಿಯೇ ನೋಡ್ಬೇಕು. ತಣ್ಣೀರಿನ ಪರೀಕ್ಷೇಲಿ ಟಿಶ್ಯೂ ಒದ್ದೆಯಾಗದಿದ್ರೆ ಮುಚ್ಚಳ ಹಾಕಿ ಸ್ಟೀಮ್ ಬಿಸಿಗೆ ಏರಿಸಿ ಐದು ನಿಮಿಷ ಬಿಡಿ. ಬಿಸಿಯಲ್ಲಿ ಒಂಚೂರು ಒದ್ದೆಯಾದ್ರೆ ಅಲ್ಲೇ ಸ್ಪ್ಯಾನರ್ ಹಾಕ್ಬೇಡಿ, ಪ್ಲಗ್ ತೆಗೆದು, ಪೂರ್ತಿ ಆರಿದ ಮೇಲೆ ಎಂಟನೇ ಒಂದು ಸುತ್ತು ಕೊಡಿ.

ಇನ್ನು ಬಿಚ್ಚಲಾಗದ ವಾಲ್ವ್‌ಗಳು. ಕೆಲವು ಮೆಷಿನ್‌ಗಳಲ್ಲಿ ವಾಲ್ವನ್ನ ಒತ್ತಿ ಸೀಲ್ ಮಾಡಿರ್ತಾರೆ, ರಿಂಗ್ ಮುಟ್ಟೋಕೂ ಆಗಲ್ಲ, ಇಡೀ ವಾಲ್ವ್ ಕೊಳ್ಳಬೇಕು. ಅದೂ ಸಿಕ್ಕಿದ್ರೆ ಪರವಾಗಿಲ್ಲ. ಗಾಜಿಯಾ ಕ್ಲಾಸಿಕ್‌ನಲ್ಲಿ ಎರಡು ಬೋಲ್ಟ್, ನಡುವೆ ಒಂದು ಓ-ರಿಂಗ್, ವಾಲ್ವ್ ಬದಲಾಯಿಸೋದು ಸುಲಭ. ಬಿಡಿಭಾಗವೇ ತರಿಸಿ ಕೊಡದ ಮಾರಾಟಗಾರರ ಮೇಲೆ ನನಗೆ ಸಿಟ್ಟಿದೆ. ಹತ್ತಾರು ಸಾವಿರ ಕೊಟ್ಟು ಕೊಂಡ ಯಂತ್ರಕ್ಕೆ ಒಂದು ಸೀಲ್ ಕಿಟ್ ಇಟ್ಟಿರಬೇಕು, ಭಾಗಗಳ ಚಿತ್ರ ಕೊಡಬೇಕು. ಮೆಷಿನ್ ಕೊಳ್ಳೋಕೆ ಹೊರಟವರು ಬಾರ್ ಎಷ್ಟು, ಬಣ್ಣ ಯಾವುದು ಅಂತ ಕೇಳೋದಕ್ಕೆ ಮೊದಲು ಮೂರು ಪ್ರಶ್ನೆ ಕೇಳಿ. ಸ್ಟೀಮ್ ವಾಲ್ವ್ ಬಿಚ್ಚಬಹುದಾ? ಅದರ ಓ-ರಿಂಗ್ ಅಳತೆ ಎಷ್ಟು? ವಾಲ್ವ್ ಬಿಡಿಯಾಗಿ ಸಿಗುತ್ತಾ, ಎಷ್ಟು ದಿನಕ್ಕೆ? ಉತ್ತರ ಬರದಿದ್ರೆ ಆ ಅಂಗಡಿಯಿಂದ ಎದ್ದು ಬನ್ನಿ.